ಹೊಲಿಗೆಗೂ ಕೌದಿಗೂ ಒಗ್ಗುವ ಇಸ್ತ್ರಿ ಪೆಟ್ಟಿಗೆ ಆರಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಕೌದಿ ಕಲಿಯಲು ಬರುವವರು ತರುವ ದೂರು ಹೆಚ್ಚುಕಡಿಮೆ ಒಂದೇ. “ಅಳತೆ ನೋಡಿಯೇ ಕತ್ತರಿಸಿದ್ದೆ, ಹೊಲಿಗೆ ನೇರವಾಗಿದೆ, ಆದರೂ ಚೌಕಗಳು ಒಂದಕ್ಕೊಂದು ಕೂಡುತ್ತಿಲ್ಲ.” ಮಷೀನಿನ ಸೂಜಿ ಬದಲಿಸಿ ನೋಡಿರುತ್ತಾರೆ, ದಾರ ಬದಲಿಸಿರುತ್ತಾರೆ, ಕೆಲವರು ಮಷೀನನ್ನೇ ಬದಲಿಸಿರುತ್ತಾರೆ. ಚೌಕ ತಿರುವಿ ಹಿಂಬದಿ ನೋಡಿದರೆ ಸಂಗತಿ ಅಲ್ಲೇ ಕೂತಿರುತ್ತದೆ. ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಪೂರ್ತಿ ತೆರೆದುಕೊಳ್ಳದೆ ನೂಲಿನಷ್ಟು ದಪ್ಪದ ಮಡಿಕೆಯೊಂದು ಉಳಿದಿರುತ್ತದೆ. ಒಂದೊಂದು ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ಹೀಗೆ ನುಂಗಿಹೋದರೆ, 12 ಹೊಲಿಗೆ ದಾಟುವಷ್ಟರಲ್ಲಿ ಮುಕ್ಕಾಲು ಇಂಚು ಮಾಯ. ಮಷೀನಿನ ತಪ್ಪೇನೂ ಇಲ್ಲ, ಇಸ್ತ್ರಿ ಸರಿ ಕೂತಿಲ್ಲ ಅಷ್ಟೆ.

ಮುಂದಿನ ಪ್ರಶ್ನೆ “ಯಾವ ಕಂಪನಿದು ತಗೊಳ್ಳಲಿ?” ಎಂಬುದು. ಆ ಪ್ರಶ್ನೆ ಕೊನೆಗೆ ಬರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿದರೆ, ಅಂಗಡಿಗೆ ಹೋಗುವ ಹೊತ್ತಿಗೆ ಆಯ್ಕೆ ಎರಡು ಮೂರು ಪೆಟ್ಟಿಗೆಗಳಿಗೆ ಇಳಿದಿರುತ್ತದೆ.

ಬೇಕಾಗುವ ಸಾಮಾನು

ಅಡುಗೆಮನೆಯ ತೂಕದ ಯಂತ್ರ, ಅಳತೆ ಪಟ್ಟಿ, ಒಂದು ಮೀಟರ್ ಬಿಳಿ ಕಾಟನ್ ಬಟ್ಟೆ (ಹಳೇ ಪಂಚೆ ಆದರೂ ಸರಿ), ನೀರು ಚಿಮುಕಿಸುವ ಬಾಟಲಿ, ಎರಡೂವರೆ ಇಂಚಿನ 9 ಚೌಕದ ತುಂಡುಗಳು. ಇವಿಷ್ಟು ಮನೆಯಲ್ಲಿ ಸಿದ್ಧವಾಗಿರಲಿ.

ಹಂತ 1: ನೀವು ಏನು ಹೊಲಿಯುತ್ತೀರಿ ಎಂದು ಮೊದಲು ಬರೆಯಿರಿ

ಬಟ್ಟೆ ಒಗೆದು ಇಸ್ತ್ರಿ ಮಾಡುವುದೇ ಬೇರೆ, ಹೊಲಿಯುವಾಗ ಇಸ್ತ್ರಿ ಮಾಡುವುದೇ ಬೇರೆ. ಅಂಗಿಯ ಸುಕ್ಕು ತೆಗೆಯಲು ಪೆಟ್ಟಿಗೆಯನ್ನು ಹಿಂದೆ ಮುಂದೆ ಎಳೆಯುತ್ತೇವೆ. ಹೊಲಿಗೆಯಲ್ಲಿ ಎಳೆಯುವುದಿಲ್ಲ, ಒತ್ತುತ್ತೇವೆ: ಇಳಿಸು, ಎಣಿಸು, ಎತ್ತು, ಮುಂದಿನ ಜಾಗಕ್ಕೆ ಇಡು. ಕೌದಿ ತುಂಡನ್ನು ಎಳೆದು ಇಸ್ತ್ರಿ ಮಾಡಿದರೆ, ಅದರಲ್ಲೂ ಓರೆಯಾಗಿ ಕತ್ತರಿಸಿದ ತ್ರಿಕೋನವಾದರೆ, ಅದು ರಬ್ಬರಿನಂತೆ ಹಿಗ್ಗುತ್ತದೆ. ಜಾಹೀರಾತಿನಲ್ಲಿ “ಸರಾಗವಾಗಿ ಜಾರುತ್ತದೆ” ಎಂದು ಹೊಗಳುವ ಗುಣ ನಮಗೆ ಅಷ್ಟೇನೂ ಬೇಡದ ಗುಣ.

ಆದ್ದರಿಂದ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೀರೆಗೆ ಫಾಲ್, ಬ್ಲೌಸು, ಲೈನಿಂಗ್ ಇಷ್ಟೇ ಆದರೆ ಒಂದು ಬಗೆ. ಕಾಟನ್ ತುಂಡು ಜೋಡಿಸುವ ಕೌದಿಯಾದರೆ ಇನ್ನೊಂದು. ಕೈಚೀಲ, ಕಾಲರ್, ಬ್ಲೌಸಿನ ಕುತ್ತಿಗೆಗೆ ಕ್ಯಾನ್ವಾಸ್ ಅಂಟಿಸುವ ಫ್ಯೂಸಿಂಗ್ ಕೆಲಸ ಹೆಚ್ಚಿದ್ದರೆ ಮತ್ತೊಂದು. ಮೈಸೂರು ರೇಷ್ಮೆ, ಜರಿ ಅಂಚು ಮುಟ್ಟುವವರು ಅದನ್ನೂ ಬರೆಯಿರಿ. ಯಾವುದು ವಾರಕ್ಕೆ ಎಷ್ಟು ಗಂಟೆ ಎಂದೂ ಇರಲಿ. ವಾರಕ್ಕೊಂದು ಬ್ಲೌಸು ಹೊಲಿಯುವವರಿಗೆ ಟೈಲರ್ ಅಂಗಡಿಯ ಬಾಟಲಿ ಪೆಟ್ಟಿಗೆ (ಮೇಲೆ ನೀರಿನ ಬಾಟಲಿ ನೇತುಹಾಕಿದ್ದು) ಬೇಡ.

ಹಂತ 2: ಮನೆಯ ಪ್ಲಗ್ ಪಾಯಿಂಟ್ ನೋಡಿ

ಇದನ್ನು ಬಿಟ್ಟು ನೇರ ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. 2,000 ವ್ಯಾಟಿನ ಸ್ಟೀಮ್ ಪೆಟ್ಟಿಗೆ ತಂದ ಮೇಲೆ ಅದರ ದಪ್ಪ ಪಿನ್ನು ಗೋಡೆಯ ಸಣ್ಣ ತೂತಿಗೆ ಹೋಗುವುದಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಪರಿವರ್ತಕ ಪಿನ್ನು ಹಾಕುವ ಉಪಾಯ ಶುರುವಾಗುತ್ತದೆ. ಬೇಡ.

ಲೆಕ್ಕ ಸುಲಭ. ನಮ್ಮ ಮನೆಗೆ ಬರುವುದು 230 ವೋಲ್ಟ್. ಸಣ್ಣ ಪಾಯಿಂಟು 6 ಆಂಪಿಯರ್. ಗುಣಿಸಿದರೆ 1,380 ವ್ಯಾಟ್. ಅಂದರೆ 1,000 ಅಥವಾ 1,200 ವ್ಯಾಟಿನ ಪೆಟ್ಟಿಗೆ ಸಣ್ಣ ಪಾಯಿಂಟಿನಲ್ಲಿ ನಡೆಯುತ್ತದೆ. ಅದಕ್ಕಿಂತ ಮೇಲಿನದಕ್ಕೆ ಗೀಸರ್ ಹಾಕುವಂಥ 16 ಆಂಪಿಯರ್ ಪಾಯಿಂಟೇ ಬೇಕು. ನಮ್ಮ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆಗಳ ಹಾಲಿನಲ್ಲಿ ಇಂಥ ದೊಡ್ಡ ಪಾಯಿಂಟ್ ಇರುವುದೇ ಅಪರೂಪ. ಕೆಲವು ಕಡೆ ಎರಡೇ ತೂತಿನ, ಅರ್ಥಿಂಗ್ ಇಲ್ಲದ ಪ್ಲಗ್‌ಗಳು ಈಗಲೂ ಇವೆ. ಅಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಲೇಬೇಡಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ, ಆಮೇಲೆ ಪೆಟ್ಟಿಗೆಯ ಮಾತು.

ಪಾಯಿಂಟಿನಿಂದ ಮೇಜಿಗೆ ಎಷ್ಟು ದೂರ ಎಂದೂ ಅಳೆಯಿರಿ. ಬಹುತೇಕ ಪೆಟ್ಟಿಗೆಗಳ ವೈರು 2 ಮೀಟರಿನ ಆಸುಪಾಸು. ಮೊಬೈಲ್ ಚಾರ್ಜರ್ ಹಾಕುವ ತೆಳು ಎಕ್ಸ್‌ಟೆನ್ಶನ್ ಬಾಕ್ಸಿಗೆ ಪೆಟ್ಟಿಗೆ ಸಿಕ್ಕಿಸಿ ಅರ್ಧ ಗಂಟೆ ಬಿಟ್ಟು ಅದರ ವೈರು ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಅದೇ ಎಚ್ಚರಿಕೆಯ ಗಂಟೆ. ಮೇಜನ್ನು ಪಾಯಿಂಟಿನ ಹತ್ತಿರ ಎಳೆಯುವುದು ಖರ್ಚಿಲ್ಲದ ಪರಿಹಾರ.

ಹಂತ 3: ಪೆಟ್ಟಿಗೆಗಿಂತ ಮೊದಲು ಹಾಸು ಸಿದ್ಧಮಾಡಿ

ಒತ್ತುವುದಕ್ಕೆ ಮೇಲಿನ ಭಾರದಷ್ಟೇ ಕೆಳಗಿನ ಗಟ್ಟಿತನವೂ ಬೇಕು. ಹಾಸಿಗೆಯ ಮೇಲೆ, ಸ್ಪಂಜಿನ ಬೋರ್ಡಿನ ಮೇಲೆ ಎಷ್ಟು ದುಬಾರಿ ಪೆಟ್ಟಿಗೆ ಇಟ್ಟರೂ ಹೊಲಿಗೆ ಚಪ್ಪಟೆ ಆಗುವುದಿಲ್ಲ. ಬಟ್ಟೆ ಕೆಳಕ್ಕೆ ಹೂತುಹೋಗುತ್ತದೆ, ಅಷ್ಟೆ.

ನನ್ನದು ಎರಡು ಅಡಿಗೆ ಮೂರು ಅಡಿಯ ಪ್ಲೈವುಡ್ ಹಲಗೆ. ಅದರ ಮೇಲೆ ಎರಡು ಮಡಿಕೆ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಬಿಳಿ ಪಂಚೆ. ಹೊರದೇಶದ ಕೌದಿಗಾರರು ದುಡ್ಡು ಕೊಟ್ಟು ಕೊಳ್ಳುವ ಉಣ್ಣೆಯ ಮ್ಯಾಟ್ ಮಾಡುವ ಕೆಲಸವನ್ನೇ ನಮ್ಮ ಕಂಬಳಿ ಮಾಡುತ್ತದೆ. ಉಣ್ಣೆ ಬಿಸಿಯನ್ನು ಹಿಡಿದಿಟ್ಟುಕೊಂಡು ಅಡಿಯಿಂದಲೂ ಹೊಲಿಗೆಗೆ ಶಾಖ ಕೊಡುತ್ತದೆ. ನೀರು ತಾಗಿದಾಗ ಕುರಿಯ ವಾಸನೆ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ಕಪ್ಪು ಕಂಬಳಿಯಾದರೆ ಒದ್ದೆ ಬಿಳಿ ಬಟ್ಟೆ ಹಾಕಿ ಒಮ್ಮೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಯೋಗ ಮ್ಯಾಟ್, ಥರ್ಮಾಕೋಲ್, ಸಿಂಥೆಟಿಕ್ ಕಾರ್ಪೆಟ್ ಇವು ಯಾವುವೂ ಬೇಡ. ಕರಗುತ್ತವೆ. ಗಾಜಿನ ಊಟದ ಮೇಜಿನ ಮೇಲೂ ಬೇಡ.

ಹಂತ 4: ಡ್ರೈಯೋ, ಸ್ಟೀಮೋ, ಬಾಟಲಿಯೋ?

ಇಲ್ಲಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಕಾಟನ್ ಕೌದಿ, ಬ್ಲೌಸು, ಫ್ಯೂಸಿಂಗ್ ಮಾಡುವವರಿಗೆ ಒಂದೂವರೆ ಕೆಜಿಗೆ ಮೇಲ್ಪಟ್ಟ ಸಾದಾ ಡ್ರೈ ಪೆಟ್ಟಿಗೆ ಮತ್ತು ನೀರು ಚಿಮುಕಿಸುವ ಬಾಟಲಿ ಸಾಕು. ಮೂರು ಪಟ್ಟು ಹಣ ಕೊಟ್ಟು ತಂದ ಸ್ಟೀಮ್ ಪೆಟ್ಟಿಗೆಗಿಂತ ಇದರಿಂದ ಹೊಲಿಗೆ ಚೆನ್ನಾಗಿ ಕೂರುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ.

ಕಾರಣ ಇದೆ. ಸ್ಟೀಮ್ ಪೆಟ್ಟಿಗೆಯ ತಳದಲ್ಲಿ ಹಬೆ ಹೊರಬರುವ ತೂತುಗಳಿರುತ್ತವೆ. ತೂತು ಇದ್ದಲ್ಲಿ ಲೋಹ ಇಲ್ಲ, ಲೋಹ ಇಲ್ಲದಲ್ಲಿ ಒತ್ತಡವೂ ಇಲ್ಲ, ನೇರ ಶಾಖವೂ ಇಲ್ಲ. ಫ್ಯೂಸಿಂಗ್ ಅಂಟಿಸುವಾಗ ಒಂದೇ ಜಾಗದಲ್ಲಿ 10–15 ಸೆಕೆಂಡ್ ಇಟ್ಟರೆ ಆ ತೂತಿನ ಗುಂಡು ಗುರುತುಗಳಲ್ಲಿ ಗೋಂದು ಹಿಡಿಯದೆ ಉಳಿಯುತ್ತದೆ. ಎರಡು ಒಗೆತಕ್ಕೆ ಅಲ್ಲಿ ಗುಳ್ಳೆ ಏಳುತ್ತದೆ. “ಕ್ಯಾನ್ವಾಸ್ ಕಳಪೆ” ಎಂದು ಅಂಗಡಿಯವರ ಜೊತೆ ಜಗಳವಾಡಿದ ಎಷ್ಟೋ ಜನರ ಅಸಲಿ ಸಮಸ್ಯೆ ಇದು.

ಎರಡನೆಯದು ತೊಟ್ಟಿಕ್ಕುವುದು. ಹಬೆ ಆಗಬೇಕಾದರೆ ತಳ ಚೆನ್ನಾಗಿ ಕಾದಿರಬೇಕು. ರೇಷ್ಮೆಗೆಂದು ಶಾಖ ತಗ್ಗಿಸಿ ಸ್ಟೀಮ್ ಗುಂಡಿ ಒತ್ತಿದರೆ ನೀರು ಹಬೆಯಾಗದೆ ಹನಿಯಾಗಿಯೇ ಬೀಳುತ್ತದೆ. ರೇಷ್ಮೆಯ ಮೇಲೆ ನೀರಿನ ಹನಿ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಮೂರನೆಯದು ನಮ್ಮೂರಿನ ನೀರು. ಅದು ದೊಡ್ಡ ವಿಷಯ, ಹಂತ 9ರಲ್ಲಿ ನೋಡೋಣ.

ಹಾಗೆಂದು ಸ್ಟೀಮ್ ಪೂರ್ತಿ ವ್ಯರ್ಥ ಎಂದಲ್ಲ. ದಪ್ಪ ಲಿನನ್, ಡೆನಿಮ್, ಪರದೆ ಬಟ್ಟೆ, ಉಣ್ಣೆಯ ಕೋಟು ಹೊಲಿಯುವವರಿಗೆ ಹಬೆಯಿಂದ ಬಹಳ ಉಪಯೋಗ. ಹಳೇ ಸೀರೆಯ ಸುಕ್ಕು ತೆಗೆದು ತುಂಡು ಮಾಡುವ ಮೊದಲ ಹಂತದಲ್ಲೂ ಸ್ಟೀಮ್ ವೇಗ ಕೊಡುತ್ತದೆ. ಕೊಳ್ಳುವುದಾದರೆ ಎರಡು ಷರತ್ತು: ಹಬೆಯನ್ನು ಪೂರ್ತಿ ನಿಲ್ಲಿಸುವ ಗುಂಡಿ ಇರಬೇಕು, ನೀರಿಲ್ಲದೆ ಡ್ರೈ ಪೆಟ್ಟಿಗೆಯಂತೆ ನಡೆಯಬೇಕು.

ಬಾಟಲಿ ಪೆಟ್ಟಿಗೆ ಎಂದರೆ ಬೊಟಿಕ್‌ಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ಕಾಣುವಂಥದ್ದು. ಮೇಲೆ ನೀರಿನ ಬಾಟಲಿ ನೇತುಹಾಕಿ, ಕೊಳವೆಯಲ್ಲಿ ನೀರು ಇಳಿಸುವುದು. ಭಾರ ಚೆನ್ನಾಗಿದೆ, ದಿನವಿಡೀ ದುಡಿಯುತ್ತದೆ, ಹಬೆ ಧಾರಾಳ. ಆದರೆ ಬಾಟಲಿಗೆ ಮೊಳೆ ಬೇಕು, ಪೆಟ್ಟಿಗೆ ನೆಟ್ಟಗೆ ನಿಲ್ಲುವುದಿಲ್ಲ, ರಬ್ಬರಿನ ಮಣೆಯ ಮೇಲೆ ಮಲಗಿಸಿಯೇ ಇಡಬೇಕು. ತಾನಾಗಿ ಆರುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಚಿಕ್ಕ ಮಕ್ಕಳಿರುವ ಎರಡು ಕೋಣೆಯ ಮನೆಗೆ ನಾನಂತೂ ಬೇಡ ಎನ್ನುತ್ತೇನೆ. ದಿನಕ್ಕೆ ನಾಲ್ಕೈದು ಗಂಟೆ ಆರ್ಡರ್ ಹೊಲಿಯುವವರು ಮಾತ್ರ ಯೋಚಿಸಬಹುದು.

ವೈರಿಲ್ಲದ ಪೆಟ್ಟಿಗೆ ನೋಡಲು ಚೆಂದ. ಒತ್ತಲು ಹಿಡಿದಾಗ ಬಿಸಿ ಇಳಿಯುತ್ತಾ ಹೋಗುತ್ತದೆ, ಪದೇಪದೇ ಪೀಠಕ್ಕೆ ಇಡಬೇಕು. ಬಿಟ್ಟುಬಿಡಿ.

ಹಂತ 5: ತೂಕ ನಿರ್ಧರಿಸಿ

ಜಾಹೀರಾತುಗಳಲ್ಲಿ “ಹಗುರ” ಎಂಬ ಪದ ದೊಡ್ಡ ಅಕ್ಷರದಲ್ಲಿರುತ್ತದೆ. ಅಂಗಿ ಇಸ್ತ್ರಿಗೆ ಸರಿ. ಒತ್ತುವ ಕೆಲಸಕ್ಕೆ ಮುಕ್ಕಾಲು ಕೆಜಿಯ ಪೆಟ್ಟಿಗೆ ತಂದರೆ ಉಳಿದ ಭಾರವನ್ನು ನಿಮ್ಮ ಭುಜ ಹಾಕಬೇಕು. ಬೀದಿ ಮೂಲೆಯ ಇಸ್ತ್ರಿ ಗಾಡಿಯವರನ್ನು ಗಮನಿಸಿ. ಕೆಂಡದ ಪೆಟ್ಟಿಗೆಯನ್ನು ಅವರು ಅದುಮುವುದಿಲ್ಲ, ನಡೆಸುತ್ತಾರೆ ಅಷ್ಟೇ. ಅದುಮುವ ಕೆಲಸವೆಲ್ಲ ಪೆಟ್ಟಿಗೆಯ ತೂಕದ್ದು.

ನಮಗೆ ಅಷ್ಟು ಭಾರ ಬೇಡ. ಒಂದೂವರೆಯಿಂದ ಎರಡು ಕೆಜಿ ಒಳಗಿರಲಿ. ಮಣಿಕಟ್ಟು ನೋವು, ಭುಜದ ನೋವು ಇರುವವರು ಒಂದೂಕಾಲು ಕೆಜಿಗೆ ಇಳಿಯಿರಿ, ಕೊರತೆಯನ್ನು ಮರದ ತುಂಡಿನಿಂದ ತುಂಬಿಕೊಳ್ಳಬಹುದು. ಅಂಗೈ ಅಗಲದ, ಒಂದಡಿ ಉದ್ದದ, ನುಣುಪಾಗಿ ಉಜ್ಜಿದ ಗಟ್ಟಿ ಮರದ ತುಂಡು. ಪೆಟ್ಟಿಗೆ ಎತ್ತಿದ ಮರುಕ್ಷಣ ಬಿಸಿ ಹೊಲಿಗೆಯ ಮೇಲೆ ಅದನ್ನಿಟ್ಟು ಹತ್ತು ಎಣಿಸಿ. ಮರ ತೇವವನ್ನು ಹೀರಿಕೊಂಡು ಬಟ್ಟೆಯನ್ನು ಚಪ್ಪಟೆಯಾಗಿಯೇ ತಣಿಸುತ್ತದೆ. ಬಡಗಿ ಹತ್ತಿರ ಕೇಳಿದರೆ ಉಳಿದ ತುಂಡೊಂದನ್ನು ಕೊಟ್ಟಾರು. ವಾರ್ನಿಷ್ ಬೇಡ. ಹೊನ್ನೆ ಮರವಂತೂ ಬೇಡವೇ ಬೇಡ, ಒದ್ದೆಯಾದರೆ ಬಣ್ಣ ಬಿಡುತ್ತದೆ.

ಸ್ಟೀಮ್ ಪೆಟ್ಟಿಗೆ ನೋಡುವಾಗ ಒಂದು ಸಣ್ಣ ಲೆಕ್ಕ: ತೊಟ್ಟಿಯಲ್ಲಿ 300 ಮಿಲಿ ನೀರು ಹಿಡಿದರೆ ತೂಕಕ್ಕೆ 300 ಗ್ರಾಂ ಸೇರುತ್ತದೆ. ನೀರು ಖಾಲಿಯಾಗುತ್ತಾ ಕೈಯ ಹದವೂ ಬದಲಾಗುತ್ತದೆ.

ಹಂತ 6: ತಳ ಮತ್ತು ಮೂತಿ ಪರೀಕ್ಷಿಸಿ

ಮೂತಿ ಚೂಪಾಗಿರಬೇಕು. ಕಾಲು ಇಂಚಿನ ಹೊಲಿಗೆ ಅಂಚನ್ನು ಎರಡೂ ಬದಿಗೆ ತೆರೆದು ಒತ್ತುವಾಗ, ಬ್ಲೌಸಿನ ತೋಳಿನ ಮೂಲೆಗೆ ನುಗ್ಗುವಾಗ, ದುಂಡು ಮೂತಿಯ ಪೆಟ್ಟಿಗೆ ಬೇಡದ ಕಡೆಯಲ್ಲೆಲ್ಲ ಒತ್ತಿ ಸುಕ್ಕು ಮಾಡುತ್ತದೆ. ಅಂಗಡಿಯಲ್ಲಿ ಪೆಟ್ಟಿಗೆಯ ಮೂತಿಯನ್ನು ಅಳತೆ ಪಟ್ಟಿಯ ಅಂಚಿಗೆ ಇಟ್ಟು ಮೇಲಿನಿಂದ ನೋಡಿ. ತುದಿ ಎಲ್ಲಿ ಕೂತಿದೆ ಎಂದು ಕಣ್ಣಿಗೆ ಕಾಣಬೇಕು. ಕೆಲವು ಪೆಟ್ಟಿಗೆಗಳ ಮೇಲ್ಭಾಗದ ಪ್ಲಾಸ್ಟಿಕ್ ಎಷ್ಟು ಮುಂದೆ ಚಾಚಿರುತ್ತದೆಂದರೆ ತುದಿ ಕಾಣುವುದೇ ಇಲ್ಲ, ಊಹೆಯ ಮೇಲೆ ಕೆಲಸ ಮಾಡಬೇಕು.

ತಳದಲ್ಲಿ ಮೂರು ಬಗೆ ಹೆಚ್ಚು: ಅಂಟದ ಲೇಪನದ್ದು, ಸೆರಾಮಿಕ್ ಲೇಪನದ್ದು, ಸ್ಟೀಲಿನದು. ಫ್ಯೂಸಿಂಗ್ ಗೋಂದು ತಾಗಿದಾಗ ಅಂಟದ ಲೇಪನದಿಂದ ಒರೆಸಿ ತೆಗೆಯುವುದು ಸುಲಭ, ಆದರೆ ಜಿಪ್ಪು, ಹುಕ್ಕು, ಗುಂಡುಪಿನ್ನಿನ ತಲೆ ತಾಗಿದರೆ ಗೀರು ಬೀಳುತ್ತದೆ. ಗೀರಿನ ಅಂಚು ಆಮೇಲೆ ರೇಷ್ಮೆಯ ಎಳೆ ಹಿಡಿದು ಎಳೆಯುತ್ತದೆ. ಸ್ಟೀಲ್ ಗೀರು ತಾಳುತ್ತದೆ, ಗೋಂದು ಹಿಡಿದರೆ ಮಾತ್ರ ಉಜ್ಜಬೇಕು. ಬ್ಲೌಸಿಗೆ ಹುಕ್ಕು ಹಾಕುವವರ ಮನೆಗೆ ಸ್ಟೀಲ್, ಕೌದಿ ಮಾತ್ರ ಮಾಡುವವರಿಗೆ ಅಂಟದ ಲೇಪನ ಎಂದು ನಾನು ವಿಂಗಡಿಸಿಕೊಂಡಿದ್ದೇನೆ.

ಹಂತ 7: ಶಾಖದ ಗುಂಡಿ ಮತ್ತು ತಾನಾಗಿ ಆರುವ ವ್ಯವಸ್ಥೆ

ಗುಂಡಿಯ ಮೇಲಿನ ಚುಕ್ಕೆಗಳು ಅಲಂಕಾರಕ್ಕಲ್ಲ. ಬಟ್ಟೆಯ ಒಳಚೀಟಿಯಲ್ಲಿರುವ ಇಸ್ತ್ರಿ ಚಿತ್ರದ ಚುಕ್ಕೆಗಳಿಗೂ ಇದೇ ಅರ್ಥ: ಒಂದು ಚುಕ್ಕೆಗೆ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ನೈಲಾನ್ ಒಂದರಲ್ಲಿ, ರೇಷ್ಮೆ ಮತ್ತು ಪಾಲಿಯೆಸ್ಟರ್ ಎರಡರ ಒಳಗೆ, ಕಾಟನ್ ಮತ್ತು ಲಿನನ್ ಮೂರರಲ್ಲಿ. ಕೌದಿಯ ಒಳಗೆ ಪಾಲಿಯೆಸ್ಟರ್ ಒಳಪದರ ಹಾಕಿದ ಮೇಲೆ ಮೇಲ್ಪದರ ಕಾಟನ್ ಇದೆ ಎಂದು ಮೂರು ಚುಕ್ಕೆಯಲ್ಲಿ ಒತ್ತಿದರೆ ಒಳಗಿನದು ಹಪ್ಪಳವಾಗುತ್ತದೆ. ಒತ್ತುವುದೆಲ್ಲ ಆ ಒಳಪದರ ಹಾಕುವ ಮೊದಲೇ ಮುಗಿಯಬೇಕು.

ಗುಂಡಿ ತಿರುಗಿಸಿದಾಗ ಟಿಕ್ ಎಂದು ಹಿಡಿದು ನಿಲ್ಲುವಂತಿರಲಿ. ಸಡಿಲ ಗುಂಡಿ ಕೈ ತಾಗಿದರೆ ಸಾಕು ಕಾಟನ್ನಿಗೆ ಓಡಿಬಿಡುತ್ತದೆ. ಗುಂಡಿ ಹಿಡಿಕೆಯ ಅಡಿಯಲ್ಲಿದ್ದು, ಬೆರಳು ತೂರಿಸಿ ತಿರುಗಿಸಬೇಕಾದಂಥ ಪೆಟ್ಟಿಗೆಯನ್ನೂ ಬಿಡಿ.

ತಾನಾಗಿ ಆರುವುದು ಸುರಕ್ಷತೆಗೆ ಒಳ್ಳೆಯದು. ಹೊಲಿಯುವವರಿಗೆ ಸ್ವಲ್ಪ ಕಿರಿಕಿರಿಯೂ ಹೌದು. ಅನೇಕ ಮಾದರಿಗಳಲ್ಲಿ ಮಲಗಿಸಿ ಬಿಟ್ಟರೆ 30 ಸೆಕೆಂಡಿಗೆ, ನೆಟ್ಟಗೆ ನಿಲ್ಲಿಸಿದರೆ 8 ನಿಮಿಷಕ್ಕೆ ಆರುತ್ತದೆ. ನಾಲ್ಕು ತುಂಡು ಹೊಲಿದು ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಎಷ್ಟು ನಿಮಿಷ ಎಂದು ಪೆಟ್ಟಿಗೆಯ ಹೊರಚೀಟಿಯಲ್ಲಿ ಓದಿಕೊಳ್ಳಿ. ಮರೆವಿನವರು, ಮಕ್ಕಳಿರುವವರು ಆ ಕಿರಿಕಿರಿಯನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಹಂತ 8: ಅಂಗಡಿಯಲ್ಲಿ

ಬಿವಿಕೆ ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಬಟ್ಟೆ, ಲೈನಿಂಗ್ ಕೊಳ್ಳಲು ಹೇಗೂ ಆ ಕಡೆ ಹೋಗುವವರೇ ನಾವು. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೇ ಹೋಗಿ. ಸಂಜೆಯ ನೂಕುನುಗ್ಗಲಿನಲ್ಲಿ ಯಾರೂ ಡಬ್ಬ ಬಿಚ್ಚಿ ತೋರಿಸುವುದಿಲ್ಲ, ಬಿಚ್ಚದೆ ಕೊಳ್ಳಬಾರದು. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸು ಕೊಡುವ ದಿನಗಳ ಗಡುವು ನೋಡಿಕೊಂಡು, ಮುಂದಿನ ಹಂತದ ಪರೀಕ್ಷೆಗಳನ್ನು ಅಷ್ಟರೊಳಗೆ ಮುಗಿಸಿ.

ಅಂಗಡಿಯಲ್ಲಿ ಮಾಡಬೇಕಾದದ್ದು ಹೀಗೆ:

1. ಹಿಡಿಕೆ ಹಿಡಿದು ಎತ್ತಿ, ಹತ್ತು ಸಲ ಇಳಿಸಿ-ಎತ್ತಿ ಮಾಡಿ. ಎಳೆದು ನೋಡಬೇಡಿ. ಬೆರಳಿನ ಗೆಣ್ಣುಗಳು ಪೆಟ್ಟಿಗೆಯ ಮೈಗೆ ತಾಗಬಾರದು.
2. ನೆಟ್ಟಗೆ ನಿಲ್ಲಿಸಿ, ಬೆರಳಲ್ಲಿ ಮೆಲ್ಲಗೆ ತಳ್ಳಿ. ಅಲುಗಾಡಿ ಬೀಳುವಂಥದ್ದಾದರೆ ಡಬ್ಬಕ್ಕೆ ವಾಪಸು.
3. ತಳವನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಗೀರು, ಉಬ್ಬು, ಬಣ್ಣದ ವ್ಯತ್ಯಾಸ ಇರಬಾರದು. ಸ್ಟೀಲ್ ಪಟ್ಟಿಯ ಅಂಚನ್ನು ತಳಕ್ಕೆ ಇಟ್ಟರೆ ನಡುವೆ ಬೆಳಕು ತೂರಬಾರದು.
4. ವೈರು ಪೆಟ್ಟಿಗೆ ಸೇರುವ ಕಡೆ ಸಲೀಸಾಗಿ ತಿರುಗಬೇಕು. ಎಡಗೈಯವರು ಎಡಗೈಯಲ್ಲೇ ಹಿಡಿದು ನೋಡಿ, ಮಣಿಕಟ್ಟಿಗೆ ವೈರು ಅಡ್ಡ ಬರುತ್ತದೆಯೇ ಎಂದು.
5. ಐಎಸ್‌ಐ ಗುರುತು ಹುಡುಕಿ, ಜೊತೆಗಿರುವ ಸಿಎಂ/ಎಲ್ (CM/L) ಪರವಾನಗಿ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ. ಅಸಲಿ ಪರವಾನಗಿಯಾದರೆ ತಯಾರಕರ ಹೆಸರು ಬರುತ್ತದೆ. ಎರಡು ನಿಮಿಷದ ಕೆಲಸ.
6. ಬಿಲ್ಲು, ಮೊಹರು ಹಾಕಿದ ವಾರಂಟಿ ಚೀಟಿ. “ಬಿಲ್ ಇಲ್ದೆ ನೂರು ಕಮ್ಮಿ ಮಾಡ್ಕೊಡ್ತೀನಿ” ಎಂದರೆ ನಕ್ಕು ಮುಂದಿನ ಅಂಗಡಿಗೆ ನಡೆಯಿರಿ.

ಈಗ ಬೇಕಾದರೆ ಕಂಪನಿ ಕೇಳಿ. ಬಜಾಜ್, ಉಷಾ, ಫಿಲಿಪ್ಸ್, ಹ್ಯಾವೆಲ್ಸ್ ಎಲ್ಲರ ಬಳಿಯೂ ಹಲವು ಮಾದರಿಗಳಿವೆ. ನೋಡಬೇಕಾದದ್ದು ಆ ಮಾದರಿಯ ತೂಕ ಮತ್ತು ಮೂತಿ, ಆಮೇಲೆ ನಿಮ್ಮ ಬಡಾವಣೆಗೆ ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇದೆಯೇ ಎಂಬುದು.

ಮನೆಗೆ ತಂದ ದಿನವೇ: ಮೂರು ಪರೀಕ್ಷೆ

ಮೊದಲು ಡಬ್ಬದ ಮೇಲೆ ಬರೆದ ತೂಕವನ್ನು ನಂಬದೆ, ವೈರನ್ನು ಪಕ್ಕಕ್ಕೆ ಇಳಿಬಿಟ್ಟು ಪೆಟ್ಟಿಗೆಯನ್ನಷ್ಟೇ ತೂಕದ ಯಂತ್ರದ ಮೇಲಿಡಿ. ಕೆಲವು ಕಡೆ ವೈರು ಸೇರಿಸಿ ತೂಕ ಹೇಳಿರುತ್ತಾರೆ. ಒತ್ತುವುದು ವೈರಲ್ಲವಲ್ಲ!

ಎರಡನೆಯದು ಶಾಖ ಎಲ್ಲ ಕಡೆ ಸಮವಾಗಿದೆಯೇ ಎಂಬುದು. ಬಿಳಿ ಪಂಚೆಯ ತುಂಡನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಹಲಗೆಯ ಮೇಲೆ ಹರಡಿ. ಪೆಟ್ಟಿಗೆಯನ್ನು ಕಾಟನ್ ಗುರುತಿಗಿಟ್ಟು, ದೀಪ ಒಮ್ಮೆ ಆರಿ ಮತ್ತೆ ಹತ್ತಿ ಮತ್ತೆ ಆರುವವರೆಗೆ ಕಾಯಿರಿ. ಮೊದಲ ಸಲ ಆರಿದಾಗ ಶಾಖ ಇನ್ನೂ ಹತೋಟಿಗೆ ಬಂದಿರುವುದಿಲ್ಲ. ಈಗ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯ ಮೇಲೆ ಅಲುಗಾಡಿಸದೆ ಐದು ಎಣಿಸುವಷ್ಟು ಇಟ್ಟು ನೇರ ಮೇಲಕ್ಕೆತ್ತಿ. ಬಟ್ಟೆಯ ಮೇಲೆ ಒಣಗಿದ ಜಾಗ ಪೆಟ್ಟಿಗೆಯ ಆಕಾರದಲ್ಲಿ ಕಾಣುತ್ತದೆ. ಮೂತಿಯ ಕಡೆ ಒದ್ದೆ ಉಳಿದಿದ್ದರೆ ಮೂತಿ ಕಾಯುತ್ತಿಲ್ಲ, ಮತ್ತು ನಮಗೆ ಬೇಕಾದ್ದೇ ಮೂತಿ. ಒಂದು ಬದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅಂಗಡಿಗೆ ವಾಪಸು ಕೊಡಿ.

ಮೂರನೆಯದು ನಿಜವಾದ ಪರೀಕ್ಷೆ. ಎರಡೂವರೆ ಇಂಚಿನ ಒಂಬತ್ತು ತುಂಡುಗಳನ್ನು ಕಾಲು ಇಂಚಿನ ಅಂಚು ಬಿಟ್ಟು, ಮೂರು ಸಾಲು ಮೂರು ಕಂಬದ ಚೌಕವಾಗಿ ಹೊಲಿಯಿರಿ. ಪ್ರತಿ ಹೊಲಿಗೆಯ ನಂತರವೂ ಒತ್ತುವ ಕ್ರಮ ಇದು: ಮೊದಲು ತೆರೆಯದೆ, ಹೊಲಿಗೆ ಹಾಕಿದ ಹಾಗೇ ಒಮ್ಮೆ ಒತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಗಾಢ ಬಣ್ಣದ ತುಂಡು ಮೇಲೆ ಬರುವಂತೆ ಇಟ್ಟು, ಅದನ್ನು ಬೆರಳಲ್ಲಿ ಹಿಂದಕ್ಕೆ ಮಡಚಿ, ಹೊಲಿಗೆಯ ಗೆರೆಯನ್ನು ಉಗುರಿನಿಂದ ತೆರೆದು, ಮೂತಿಯನ್ನು ಆ ಗೆರೆಯ ಮೇಲೆ ಇಳಿಸಿ. ಮೂರು ಎಣಿಸಿ ಎತ್ತಿ. ಬೇಕಿದ್ದರೆ ಒಂದೆರಡು ಹನಿ ನೀರು ಚಿಮುಕಿಸಿ ಮತ್ತೊಮ್ಮೆ. ಅಂಚುಗಳೆರಡೂ ಗಾಢ ಬಣ್ಣದ ಕಡೆಗೆ ಮಲಗಿರುವುದರಿಂದ ತಿಳಿ ಬಟ್ಟೆಯಲ್ಲಿ ನೆರಳು ಕಾಣುವುದಿಲ್ಲ.

ಮುಗಿದ ಚೌಕ ಅಳೆಯಿರಿ. ಸರಿಯಾಗಿ ಆರೂವರೆ ಇಂಚು ಬರಬೇಕು. ಆರೂವರೆಗಿಂತ ಕಡಿಮೆ ಬಂದರೆ ಹಿಂಬದಿಯ ಅಂಚು ಅಳೆಯಿರಿ. ಅಂಚು ಕಾಲು ಇಂಚೇ ಇದ್ದರೆ ಮಡಿಕೆ ನುಂಗಿದೆ ಎಂದರ್ಥ: ತೂಕ ಸಾಲದು, ಅಥವಾ ಹಾಸು ಮೆತ್ತಗಿದೆ. ನಡುವಿನ ಅಳತೆ ಸರಿಯಿದ್ದು ಅಂಚು ಅಲೆ ಅಲೆಯಾಗಿದ್ದರೆ ನೀವು ಎಳೆದಿದ್ದೀರಿ. ಅದಕ್ಕೆ ಪೆಟ್ಟಿಗೆ ಬದಲಿಸಿ ಪ್ರಯೋಜನವಿಲ್ಲ.

ಹಂತ 9: ನೀರು

ಸ್ಟೀಮ್ ಪೆಟ್ಟಿಗೆ ಕೊಂಡವರು ಇದನ್ನು ಎರಡು ಸಲ ಓದಿ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ನೀರು ಹಬೆಯಾಗಿ ಹೋದರೂ ಲವಣ ಒಳಗೇ ಉಳಿದು, ಬಕೆಟ್ಟಿನ ಅಂಚಿಗೆ ಹಿಡಿಯುವಂಥ ಬಿಳಿ ಪದರವಾಗುತ್ತದೆ. ಕಾವೇರಿ ನೀರು ಬರುವ ಮನೆಯಲ್ಲೂ ನೀರಿನ ಸಂಪ್‌ನಲ್ಲಿ ಬೋರ್ ನೀರು ಬೆರೆಯುವುದು ಮಾಮೂಲು.

2024ರ ಬೇಸಿಗೆಯಲ್ಲಿ ನಮ್ಮ ರಸ್ತೆಗೆ ಟ್ಯಾಂಕರ್ ನೀರೇ ಗತಿಯಾಗಿತ್ತು. ಆಗ ನನ್ನ ಬಳಿ ಸ್ಟೀಮ್ ಪೆಟ್ಟಿಗೆಯೂ ಇತ್ತು, ನಲ್ಲಿ ನೀರನ್ನೇ ಸುರಿಯುತ್ತಿದ್ದೆ. ಎರಡು ತಿಂಗಳು ಸುಮ್ಮನಿದ್ದ ಪೆಟ್ಟಿಗೆ ಒಂದು ದಿನ ಕಡುನೀಲಿ ಚೌಕದ ಮೇಲೆ ಬಿಳಿ ಹುಡಿ ಉಗುಳಿತು. ಒರೆಸಿ ಮುಂದುವರಿದೆ. ಮೂರನೆಯ ದಿನ ಉಗುಳಿದ್ದು ಕಂದು ನೀರು, ಅದೂ ತಿಂಗಳುಗಟ್ಟಲೆ ಕೂಡಿಸಿದ್ದ ಬಿಳಿ ಸಾಲಿನ ನಟ್ಟನಡುವೆ. ಆ ಸಾಲು ಬಿಚ್ಚಿ ಹೊಸದಾಗಿ ಹಾಕಿದೆ. ಪೆಟ್ಟಿಗೆ ಗುಜರಿಗೆ ಹೋಯಿತು. ತಪ್ಪು ನನ್ನದೇ: ಬಿಳಿ ಹುಡಿ ಬಂದ ದಿನವೇ ನಿಲ್ಲಿಸಬೇಕಿತ್ತು.

ಆರ್‌ಓ ಯಂತ್ರದ ನೀರು ಹಾಕಿ. ಒಳಗಿನ ಕೈಪಿಡಿ ಬೇರೆ ಬಗೆಯ ನೀರು ಹೇಳಿದ್ದರೆ ಅದನ್ನೇ ಪಾಲಿಸಿ. ಸುವಾಸನೆ ದ್ರವ, ಗಂಜಿ, ವಿನೆಗರ್ ತೊಟ್ಟಿಗೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಉಳಿದ ನೀರು ಚೆಲ್ಲಿಬಿಡಿ. ತಿಂಗಳಿಗೊಮ್ಮೆ, ಸ್ವಚ್ಛಗೊಳಿಸುವ ಗುಂಡಿ ಇದ್ದರೆ, ತೊಟ್ಟಿ ತುಂಬಿ, ಪೂರ್ತಿ ಕಾಯಿಸಿ, ಪ್ಲಗ್ ಕಿತ್ತು, ಸಿಂಕಿನ ಮೇಲೆ ಅಡ್ಡ ಹಿಡಿದು ಗುಂಡಿ ಒತ್ತಿ ನೀರನ್ನೆಲ್ಲ ಇಳಿಸಿ. ಕೈಗೆ ಹಬೆ ತಾಗದಂತೆ ಹುಷಾರು. ಆ ನಂತರ ಹಳೇ ಬಟ್ಟೆಯ ಮೇಲೆ ಒಂದೆರಡು ನಿಮಿಷ ಓಡಿಸಿಯೇ ಒಳ್ಳೆಯ ಬಟ್ಟೆಗೆ ಹೋಗಿ.

ತಳಕ್ಕೆ ಗೋಂದು ಹಿಡಿದರೆ ಬೆಚ್ಚಗಿರುವಾಗಲೇ, ಪ್ಲಗ್ ಕಿತ್ತು, ದಪ್ಪ ಒದ್ದೆ ಕಾಟನ್ ಬಟ್ಟೆಯಿಂದ ಒರೆಸಿ. ಸ್ಟೀಲ್ ಜುಂಗು, ಚಾಕು, ಮರಳು ಕಾಗದ ಯಾವುದೂ ಬೇಡ. ಫ್ಯೂಸಿಂಗ್ ಮಾಡುವಾಗ ಮೇಲೊಂದು ತೆಳು ಪಂಚೆ ತುಂಡು ಹಾಕಿಕೊಂಡರೆ ಈ ಪ್ರಮೇಯವೇ ಬರುವುದಿಲ್ಲ. ಫ್ಯೂಸಿಂಗ್ ಒತ್ತಿದ ಮೇಲೆ ಪೂರ್ತಿ ತಣಿಯುವ ತನಕ ಬಟ್ಟೆ ಎತ್ತಬೇಡಿ.

ಈ ಲಕ್ಷಣ ಕಂಡರೆ ಆ ಕ್ಷಣ ಪ್ಲಗ್ ಕೀಳಿ

ಮುಟ್ಟಿದಾಗ ಜುಮ್ ಎನ್ನುವುದು. ಇದಕ್ಕೆ “ಸ್ವಲ್ಪ ಹೊಡೆಯುತ್ತೆ ಅಷ್ಟೆ” ಎಂಬ ಮಾತಿಲ್ಲ, ಪೆಟ್ಟಿಗೆಯನ್ನೂ ಮನೆಯ ಅರ್ಥಿಂಗನ್ನೂ ಪರೀಕ್ಷಿಸುವವರೆಗೆ ಬಳಸಬೇಡಿ. ಪ್ಲಗ್ಗಿನ ಪಿನ್ನು ಕಪ್ಪಾಗುವುದು, ಪಾಯಿಂಟಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ, ವೈರಿನ ಬುಡದಲ್ಲಿ ಒಳಗಿನ ಬಣ್ಣದ ಎಳೆ ಕಾಣುವುದು. ಹತ್ತು ನಿಮಿಷವಾದರೂ ದೀಪ ಆರದಿರುವುದು: ಶಾಖ ತಡೆಯುವ ಥರ್ಮೋಸ್ಟಾಟ್ ಕೈಕೊಟ್ಟಿರಬಹುದು. ಹಾಗಿದ್ದರೆ ತಳ ಕಾಯುತ್ತಲೇ ಹೋಗುತ್ತದೆ. ಬಿಸಿ ಇರುವಾಗಲೇ ವೈರನ್ನು ಪೆಟ್ಟಿಗೆಗೆ ಸುತ್ತಿಡುವ ಅಭ್ಯಾಸದಿಂದಲೇ ವೈರಿನ ಬುಡ ಅರ್ಧ ಹಾಳಾಗುವುದು.

ಕರೆಂಟ್ ಹೋದಾಗಲೂ ಅಷ್ಟೇ, ಮೊದಲು ಪ್ಲಗ್ ಕೀಳಿ, ಆಮೇಲೆ ಮೇಣದಬತ್ತಿ ಹುಡುಕಿ. ಒಮ್ಮೆ ಮಳೆಗೆ ಕರೆಂಟ್ ಹೋಯಿತು. ಡ್ರೈ ಪೆಟ್ಟಿಗೆಯನ್ನು ಕಂಬಳಿಯ ಮೇಲೆ ಮಲಗಿಸಿಯೇ ಕೆಳಗಿಳಿದು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತೆ. ಯಾವಾಗ ಬಂತೋ ಗೊತ್ತಿಲ್ಲ, ಕೂದಲು ಸುಟ್ಟ ವಾಸನೆ ಮೆಟ್ಟಿಲವರೆಗೂ ಬಂದಾಗಲೇ ಓಡಿದ್ದು. ಕಂಬಳಿಯ ಮೇಲಿನ ಆ ಕಪ್ಪು ಮೂತಿಯ ಗುರುತು ಇನ್ನೂ ಹಾಗೇ ಇದೆ, ಪಂಚೆ ಬದಲಿಸುವಾಗಲೆಲ್ಲ ಕಾಣುತ್ತದೆ.